ಮದ್ರಾಸಿನ ಡಾಕ್ಟರಮ್ಮ ಹೇಳಿದ ಮಾತು

"ಮದ್ರಾಸಿಗೆ ಹೋಗೂನು ನಡಿ. ಸಮುದ್ರ ತೋರಿಸ್ತೀನಿ" ಎಂದು ಗಂಡ ಹೇಳಿದಾಗ ವೀರಬಸಮ್ಮ ರೊಟ್ಟಿ ಬಡಿಯುತ್ತಿದ್ದ ಕೈಯನ್ನು ನಿಲ್ಲಿಸಿ ಅವನ ಮುಖ ನೋಡಿದಳು. ಮದುವೆಯಾಗಿ ಹನ್ನೆರಡು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಅವನು ಆಕೆಯನ್ನು ಆದೋನಿಯ ಪೇಟೆಬೀದಿಗೂ ಜೊತೆಗೆ ಕರೆದುಕೊಂಡು ಹೋದವನಲ್ಲ.

ಕೊಟ್ರಬಸಪ್ಪ ಹತ್ತಿ ವ್ಯಾಪಾರಿ. ಸುಗ್ಗಿಯಲ್ಲಿ ಹತ್ತಿಯಿಂದ ಬೀಜ ಬೇರ್ಪಡಿಸುವ ಅವನ ಜಿನ್ನಿನ ಮುಂದೆ ಬಂಡಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಅಲ್ಲಿಂದ ಹತ್ತಿಯನ್ನು ಒತ್ತಿ ಕಟ್ಟಿದ ಅಂಡಿಗೆಗಳು ರೈಲೇರಿ ಮದ್ರಾಸಿನ ಬಂದರಿಗೆ ಹೋಗುತ್ತಿದ್ದವು, ಅವುಗಳ ಹಿಂದೆ ವರ್ಷಕ್ಕೊಮ್ಮೆ ಇವನೂ ಹೋಗಿ ಬರುತ್ತಿದ್ದ. ಬಂದ ಮೇಲೆ ತಿಂಗಳುಗಟ್ಟಲೆ ಸ್ನೇಹಿತರ ಮುಂದೆ ಟ್ರಾಮು, ಹಡಗು, ದೊರೆಗಳ ಬಂಗಲೆ ಎಂದು ಬಣ್ಣಿಸುತ್ತಿದ್ದ. ವೀರಬಸಮ್ಮ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡದ್ದೇ ಆಕೆಯ ಪಾಲಿನ ಮದ್ರಾಸು.

"ಬರೇ ಸಮುದ್ರ ನೋಡಾಕೇನ್ರಿ?" ಎಂದು ಆಕೆ ಕೇಳಿದಳು.

"ಅಲ್ಲೊಬ್ಬಾಕಿ ದೊರೆಸಾನಿ ಡಾಕ್ಟರು ಅದಾಳಂತ. ಮಕ್ಕಳಾಗದವರನ್ನ ನೋಡೋದ್ರಾಗ ದೊಡ್ಡ ಹೆಸರಂತ. ನಿನ್ನೂ ಒಂದ್ಸಲ ತೋರಿಸಿಬಿಡೂನು."

ಆ ಮಾತಿಗೆ ಆಕೆಯ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಅತ್ತೆ ಅರೆದು ಕುಡಿಸಿದ ಕಹಿ ಬೇರುಗಳೆಷ್ಟು, ಒದ್ದೆ ಸೀರೆಯಲ್ಲಿ ಸುತ್ತಿದ ಗುಡಿಗಳೆಷ್ಟು, ಸೀಮಂತದ ಮನೆಗಳಲ್ಲಿ ಹಿಂದೆ ಸರಿದು ನಿಂತದ್ದೆಷ್ಟು. ಗಂಡ ಕೊನೆಗೂ ತನ್ನ ಸಲುವಾಗಿ ಒಂದು ಯೋಚನೆ ಮಾಡಿದನಲ್ಲ ಎಂದು ಹಿಗ್ಗಿದಳು. ಹೊರಡುವ ಮುಂಚೆ ಕೌತಾಳಂನ ತವರಿಗೆ ಹೋಗಿ ಅವ್ವನಿಗೆ ಸುದ್ದಿ ಹೇಳಿದಳು. ಬಸಲಿಂಗಮ್ಮ ಮೊರದಲ್ಲಿದ್ದ ಜೋಳದಿಂದ ತಲೆ ಎತ್ತಲೇ ಇಲ್ಲ. "ಹೋಗಿ ಬಾ" ಎಂದಳು, ಅಷ್ಟೇ. ಕೆಲಸದ ಗಡಿಬಿಡಿ ಎಂದುಕೊಂಡು ವೀರಬಸಮ್ಮ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಅದು ಹೊಸ ರಾಜನ ಪಟ್ಟಾಭಿಷೇಕದ ಬೇಸಿಗೆ. ಮದ್ರಾಸಿನ ಬೀದಿಬೀದಿಗಳಲ್ಲಿ ಬೊಂಬು ನೆಟ್ಟು ದೀಪ ಕಟ್ಟುತ್ತಿದ್ದರು. ಹತ್ತಿ ತೂಗುವ ಕೆಲಸಕ್ಕೆಂದು ಆದೋನಿಯಿಂದ ಹೋಗಿ ಬಂದರಿನ ಹತ್ತಿರವೇ ನೆಲೆಸಿದ್ದ ನರಸಪ್ಪನ ಮನೆಯ ಮಹಡಿಯ ಕೋಣೆಯಲ್ಲಿ ಗಂಡ ಹೆಂಡತಿ ಇಳಿದುಕೊಂಡರು. ನರಸಪ್ಪ ಕೊಟ್ರಬಸಪ್ಪನ ಮಾಲನ್ನು ಹಡಗಿಗೆ ಮುಟ್ಟಿಸುವ ಏಜೆಂಟು. ದೊರೆಗಳ ಜೊತೆ ಓಡಾಡಿ ಇಂಗ್ಲಿಷನ್ನೂ ಅಷ್ಟಿಷ್ಟು ಕಲಿತಿದ್ದ. ಅವನ ಹೆಂಡತಿ ಗಂಗಕ್ಕ ದೇವನಕೊಂಡದ ಕಡೆಯವಳು, ಕುರಿ ಸಾಕುವವರ ಮನೆಯ ಮಗಳು. ಬೇರೆ ಕುಲದವರ ಮನೆಯಲ್ಲಿ ಊಟ ಮಾಡುವ ಹಾಗಿರಲಿಲ್ಲವಾದ್ದರಿಂದ ವೀರಬಸಮ್ಮ ಮೇಲೆಯೇ ಒಲೆ ಹೂಡಿದಳು. ಗಂಗಕ್ಕ ಸೌದೆ ತಂದಿಟ್ಟು, ಊರಿನ ಮಾತು ಕಿವಿಗೆ ಬಿದ್ದ ಸಂತೋಷಕ್ಕೆ ಹೊಸ್ತಿಲ ಹೊರಗೆ ಕೂತು ಹರಟಿದಳು.

ಮರುದಿನ ಬೆಳಿಗ್ಗೆ ಡಾಕ್ಟರ ಬಂಗಲೆಗೆ ಹೋದರು. ವಯಸ್ಸಾದ ಬಿಳಿಯ ಹೆಂಗಸು, ನೆರೆತ ಕೂದಲನ್ನು ಹಿಂದಕ್ಕೆ ಬಿಗಿದು ಕಟ್ಟಿದ್ದಳು. ಪರದೆಯ ಹಿಂದೆ ಆಕೆ ಪರೀಕ್ಷೆ ಮಾಡುವಾಗ ವೀರಬಸಮ್ಮ ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಂಡು, ನೋವನ್ನೂ ನಾಚಿಕೆಯನ್ನೂ ನುಂಗಿಕೊಂಡು ಮಲಗಿದ್ದಳು. ಒಂದು ಕೂಸಿನ ಸಲುವಾಗಿ ಇದನ್ನೂ ತಡೆದುಕೊಂಡೇನು ಎಂದುಕೊಂಡಳು. ಪರೀಕ್ಷೆ ಮುಗಿದ ಮೇಲೆ ಆಯಾ ಆಕೆಯನ್ನು ಹೊರಗೆ ಕರೆತಂದು ಬೆಂಚಿನ ಮೇಲೆ ಕೂರಿಸಿದಳು. ಒಳಗೆ ಗಂಡನಿಗೂ ನರಸಪ್ಪನಿಗೂ ಕರೆ ಬಂತು. ಬಾಗಿಲ ಗಾಜಿನಲ್ಲಿ ನೋಡಿದರೆ ಡಾಕ್ಟರು ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದಳು, ನರಸಪ್ಪ ಬಗ್ಗಿ ಕೊಟ್ರಬಸಪ್ಪನ ಕಿವಿಯಲ್ಲಿ ಉಸುರುತ್ತಿದ್ದ. ಕೊಟ್ರಬಸಪ್ಪನ ಕುತ್ತಿಗೆ ಕೆಂಪಗಾದದ್ದು ಹೊರಗಿನಿಂದಲೇ ಕಂಡಿತು.

"ಏನಂದ್ರು?" ಎಂದು ಆಕೆ ಕೇಳಿದ್ದಕ್ಕೆ ಅವನು ರುಮಾಲು ಸರಿ ಮಾಡಿಕೊಂಡು, "ಆಮ್ಯಾಲ ಹೇಳ್ತೀನಿ" ಎಂದು ಮುಂದೆ ನಡೆದ. ನರಸಪ್ಪ ಆಕೆಯ ಕಡೆ ನೋಡದೆ ಜಟಕಾ ಕರೆಯಲು ಹೋದ.

ಸಂಜೆ ಗಂಡ ಊರು ತೋರಿಸಿದ. ದೊಡ್ಡ ರಸ್ತೆಯ ನಡುವೆ ಎತ್ತರದ ಕಟ್ಟೆಯ ಮೇಲೆ ಕುದುರೆ ಹತ್ತಿ ಕೂತ ಒಬ್ಬ ದೊರೆಯ ಪ್ರತಿಮೆ ಇತ್ತು. ಕೊಟ್ರಬಸಪ್ಪ ಜಟಕಾ ನಿಲ್ಲಿಸಿ ಇಳಿದು, ಚಪ್ಪಲಿ ಬಿಟ್ಟು, ಕೈ ಮುಗಿದ.

"ಮನ್ರೋ ದೊರಿ! ನಮ್ಮ ಸೀಮಿಗೆ ಕಲೆಕ್ಟರ್ ಆಗಿದ್ದಾತ. ಸತ್ತಿದ್ದೂ ನಮ್ಮ ಪತ್ತಿಕೊಂಡದಾಗ. ಕೈ ಮುಗಿ."

ಅವನು ಹೇಳಿದನೆಂದು ಆಕೆಯೂ ಮುಗಿದಳು. ಸತ್ತು ನೂರು ವರ್ಷವಾದ ಪರದೇಶದವನಿಗೆ ತೋರಿಸುವ ಮರ್ಯಾದೆಯಲ್ಲಿ ಒಂದು ಚೂರು ತನಗೆ ತೋರಿಸಿ, ಡಾಕ್ಟರು ಹೇಳಿದ್ದೇನೆಂದು ಹೇಳಬಾರದೇ ಅನ್ನಿಸಿತು. ಬೆಳಗಿನಿಂದ ಆಕೆಯ ಹೊಟ್ಟೆಗೆ ಕೂಳು ಇಳಿದಿರಲಿಲ್ಲ.

ಸಮುದ್ರ ಮಾತ್ರ ಅವನು ಬಣ್ಣಿಸಿದ್ದಕ್ಕಿಂತ ದೊಡ್ಡದಿತ್ತು. ತೆರೆಯೊಂದು ಬಂದು ಪಾದ ತೋಯಿಸಿ, ಕಾಲಡಿಯ ಮರಳನ್ನು ಎಳೆದುಕೊಂಡು ಹೋದಾಗ ಆಕೆ ಚಿಕ್ಕ ಹುಡುಗಿಯಂತೆ ನಕ್ಕುಬಿಟ್ಟಳು. ಅದೇ ಹೊತ್ತಿಗೆ ಕೊಟ್ರಬಸಪ್ಪ ಕಾಗದದ ಪೊಟ್ಟಣದಲ್ಲಿ ಕಡಲೆ ಉಸುಳಿ ತಂದು ಆಕೆಯ ಕೈಗಿಟ್ಟು, ಸಮುದ್ರದ ಕಡೆ ನೋಡುತ್ತಾ ಹೇಳಿದ.

"ಡಾಕ್ಟರು ಹೇಳಿಬಿಟ್ಲು. ನಿನಗ ಮಕ್ಕಳಾಗಂಗಿಲ್ಲಂತ. ಗರ್ಭದಾಗ ದೋಷ ಐತಂತ."

ಆಕೆಗೆ ತೆರೆಯ ಸದ್ದು ಕೇಳಿಸದಾಯಿತು. "ಔಷಧ?" ಎಂದಳು.

"ಔಷಧಿಲ್ಲ. ಅಳಬ್ಯಾಡ ಮತ್ತ, ಮಂದಿ ನೋಡ್ತಾರ. ನಿನ್ನ ನಾನೇನು ಬಿಡಂಗಿಲ್ಲ. ಆದ್ರ ಮನಿಗೊಂದು ಕೂಸು ಬೇಕಲ್ಲ? ಹೊರಗಿನಾಕಿ ಬಂದ್ರ ನಿನಗ ತ್ರಾಸಂತ ನಾನೂ ವಿಚಾರ ಮಾಡೀನಿ. ಅಂಬಮ್ಮ ಆದ್ರ ನಿನ್ನ ತಂಗೀನ. ಅಕ್ಕ ತಂಗಿ ಕೂಡಿ ಇರ್ತೀರಿ. ನಿಮ್ಮಪ್ಪನೂ ಹೂಂ ಅಂದಾನ."

ಅಂಬಮ್ಮನಿಗೆ ಹದಿನಾರು. ವೀರಬಸಮ್ಮ ಮದುವೆಯಾಗಿ ಹೊರಟಾಗ ಬಂಡಿಯ ಹಿಂದೆ ಅಳುತ್ತಾ ಓಡಿ ಬಂದ ಕೂಸು ಅದು. ವೀರಬಸಮ್ಮ ಉಸುಳಿಯ ಪೊಟ್ಟಣವನ್ನು ಕೈಯಲ್ಲಿ ಹಿಡಿದೇ ಕೇಳಿದಳು: "ಅಪ್ಪ ಯಾವಾಗ ಹೂಂ ಅಂದ?"

"ಉಗಾದಿ ಮುಂದ. ನಾನೇ ಕೌತಾಳಕ್ಕ ಹೋಗಿದ್ನಲ್ಲ, ಬಿತ್ತೋ ಹತ್ತಿಕಾಳು ಕೊಡಾಕ."

"ಡಾಕ್ಟರು ಹೇಳಿದ್ದು ಇವತ್ತು. ಅಪ್ಪ ಒಪ್ಪಿದ್ದು ಉಗಾದಿ ಮುಂದ. ಮತ್ತ ನನ್ನ ಇಲ್ಲಿಗೆ ಯಾಕ ತಂದ್ರಿ?"

ಕೊಟ್ರಬಸಪ್ಪ ಪಂಚೆ ಎತ್ತಿಕೊಂಡು ತೆರೆಯಿಂದ ಹಿಂದೆ ಸರಿದ. ಆಕೆಗೆ ಅರ್ಥವಾಗಿತ್ತು. ನಾಳೆ ಊರಿನಲ್ಲಿ ಯಾರಾದರೂ ಬಾಯಿ ತೆಗೆದರೆ, 'ಮದ್ರಾಸಿನ ದೊರೆಸಾನಿಗೇ ತೋರಿಸೀನಿ' ಎನ್ನುವುದಕ್ಕೆ ತಂದದ್ದು. ಸಂತೆಗೆ ದನ ಹೊಡೆದುಕೊಂಡು ಬಂದಂತೆ ಹೊಡೆದುಕೊಂಡು ಬಂದು, ಹಲ್ಲು ಎಣಿಸಿ, ಬಾಲ ಎತ್ತಿ ನೋಡಿಸಿದ್ದಾನೆ. ಅಪ್ಪನಿಗೆ ಗೊತ್ತು. ಮೊರದಿಂದ ತಲೆ ಎತ್ತದಿದ್ದ ಅವ್ವನಿಗೂ ಗೊತ್ತು. ಅಳು ಬರಬೇಕಿದ್ದ ಜಾಗದಲ್ಲಿ ಬೆಂಕಿ ಎದ್ದಿತು. ಪೊಟ್ಟಣವನ್ನು ಅವನ ಕಾಲ ಬಳಿ ಬಿಸಾಡಿ ಜಟಕಾ ನಿಂತ ಕಡೆಗೆ ನಡೆದಳು. ಹಿಂದಿನಿಂದ ಅವನು ಕರೆದರೂ ತಿರುಗಲಿಲ್ಲ.

ಮರುದಿನ ಬೆಳಿಗ್ಗೆ ಗಂಡಸರಿಬ್ಬರೂ ಬಂದರಿಗೆ ಹೋದರು. ವೀರಬಸಮ್ಮ ಲಿಂಗಪೂಜೆ ಮುಗಿಸಿ ಸುಮ್ಮನೆ ಕೂತಿದ್ದಳು, ಒಲೆ ಹಚ್ಚಿರಲಿಲ್ಲ. ನೀರಿನ ಕೊಡ ತಂದಿಟ್ಟ ಗಂಗಕ್ಕ ಹೋಗಲೊಲ್ಲದೆ ಬಾಗಿಲಲ್ಲೇ ನಿಂತಳು.

"ನೋಡಮ್ಮಾ, ನಾನು ಹೇಳಿದೆ ಅಂತ ಸಾವ್ಕಾರ್ರಿಗೆ ಗೊತ್ತಾದ್ರ ನಮ್ಮ ಕೆಲಸ ಹೋಗ್ತೈತಿ. ಹೋದ್ರ ಹೋಗ್ಲಿ. ನಿನ್ನಿ ನಮ್ಮ ಮನಿಯಾತ ಗಂಗಾಳ ಮುಂದ ಕೂತು ಉಣ್ಣಲಿಲ್ಲ. ಯಾಕ ಅಂದ್ರ, 'ಒಂದು ಸುಳ್ಳು ನುಂಗೀನಿ, ಅನ್ನ ಇಳಿವಲ್ದು' ಅಂದ."

"ಏನು ಸುಳ್ಳು?"

"ಡಾಕ್ಟರಮ್ಮ ನಿಮ್ಮಾಗ ಏನೂ ದೋಷ ಇಲ್ಲ ಅಂದ್ಲಂತ. ಗಂಡನ್ನೂ ಪರೀಕ್ಷಾ ಮಾಡಬೇಕು, ನಾಳೆ ಬಾ ಅಂದ್ಲಂತ. ಸಾವ್ಕಾರ್ರು ಸಿಟ್ಟಿಗೆದ್ದು ಎದ್ದು ಬಂದ್ರಂತ. ಹೊರಗ ಬಾಯಿ ಬಿಟ್ಟೀಯಾ ಜ್ವಾಕಿ ಅಂತ ನಮ್ಮಾತಗ ಹೇಳ್ಯಾರ."

ವೀರಬಸಮ್ಮ ಎದ್ದು ನಿಂತಳು. "ಗಂಗಕ್ಕ, ನಿನಗ ಈ ಊರ ಮಾತು ಬರ್ತೈತಲ್ಲ? ನಡಿ. ಅದನ್ನ ಆ ಡಾಕ್ಟರ ಬಾಯಿಲೆ ನಾನು ಕೇಳಬೇಕು."

ಟ್ರಾಮು ಹತ್ತಿ, ಇಳಿದು, ಬಿಸಿಲಲ್ಲಿ ನಡೆದು ಇಬ್ಬರೂ ಬಂಗಲೆ ಮುಟ್ಟಿದರು. ಆಯಾ ತಡೆಯುವ ಮುಂಚೆಯೇ ವೀರಬಸಮ್ಮ ಬಾಗಿಲು ತಳ್ಳಿಕೊಂಡು ಒಳಗೆ ಹೋದಳು. ಡಾಕ್ಟರಮ್ಮನಿಗೆ ತಮಿಳು ಬರುತ್ತಿತ್ತು. ಆಕೆ ಹೇಳಿದ್ದನ್ನು ಗಂಗಕ್ಕ ಕನ್ನಡಕ್ಕೆ ತಿರುಗಿಸಿದಳು. ನಿನ್ನ ಶರೀರ ಚೆನ್ನಾಗಿದೆ. ನಾನು ನೋಡಿದ ಮಟ್ಟಿಗೆ ಯಾವ ಕೊರತೆಯೂ ಇಲ್ಲ. ಗಂಡನನ್ನು ನೋಡದೆ ಇನ್ನೇನೂ ಹೇಳಲಾರೆ. ಅವನು ಬರುವುದಿಲ್ಲ ಎಂದು ಎದ್ದು ಹೋದ.

ಕೇಳಬೇಕಾದ್ದನ್ನು ಕೇಳಿಸಿಕೊಂಡರೂ ವೀರಬಸಮ್ಮ ಕದಲಲಿಲ್ಲ. "ಗಂಗಕ್ಕ, ಈಕಿನ್ನ ಒಂದು ಮಾತು ಕೇಳು. ಹೊಟ್ಟಿ ನಂದು. ಪರೀಕ್ಷಾ ಮಾಡಿಸಿಕೊಂಡಾಕಿ ನಾನು. ನನ್ನ ಹೊರಗ ಬೆಂಚಿನ ಮ್ಯಾಲ ಕುಂದ್ರಿಸಿ, ನನ್ನ ಹೊಟ್ಟಿ ಮಾತು ಇಬ್ಬರು ಗಂಡಸರಿಗೆ ಯಾಕ ಹೇಳಿದ್ಲು?"

ಗಂಗಕ್ಕ ಅಂಜಿದಳು. "ದೊರೆಸಾನಿ ಅದಾಳಮ್ಮಾ..."

"ಇರ್ಲಿ. ಕೇಳು."

ಗಂಗಕ್ಕ ಕೇಳಿದಳು. ಡಾಕ್ಟರಮ್ಮನ ಬಿಳಿ ಮುಖ ಕೆಂಪಾಯಿತು. ಇಲ್ಲಿ ಎಲ್ಲರಿಗೂ ಹಾಗೆಯೇ ಮಾಡುತ್ತೇವೆ, ಗಂಡ ಮನೆಗೆ ಹೋಗಿ ಹೇಳುತ್ತಾನೆ ಅಂದುಕೊಂಡೆ, ಎಂದಳು. ಆಮೇಲೆ ಇನ್ನೂ ಮೆಲ್ಲಗೆ, ತಪ್ಪಾಯಿತು ಎಂದಳು. ಆ ತಪ್ಪಾಯಿತನ್ನು ವೀರಬಸಮ್ಮ ತೆಗೆದುಕೊಳ್ಳಲೂ ಇಲ್ಲ, ಬಿಡಲೂ ಇಲ್ಲ. ಹಾಗೇ ಎದ್ದು ಬಂದಳು.

ಊಟದ ಹೊತ್ತಿಗೆ ಕೊಟ್ರಬಸಪ್ಪ ಮಹಡಿ ಹತ್ತಿ ಬಂದ. ತಣ್ಣಗಿದ್ದ ಒಲೆ ನೋಡಿ, "ಅಡಿಗಿ ಆಗಿಲ್ಲೇನು?" ಎಂದ.

"ಇಲ್ಲ. ಡಾಕ್ಟರ ಹತ್ರ ಹೋಗಿದ್ದೆ. ನಿಮ್ಮ ದಾರಿ ಕಾಯಾಕ ಹತ್ಯಾಳ ಆಕಿ. ಪರೀಕ್ಷಾಕ್ಕ ಬಾ ಅಂದಿದ್ಲಂತಲ್ಲ, ಯಾಕ ಹೋಗ್ಲಿಲ್ಲ?"

ಅವನ ಮುಖ ಕಪ್ಪಿಟ್ಟಿತು. "ಯಾವಾಕಿ ಹೇಳಿದ್ದು ನಿನಗ?"

"ಡಾಕ್ಟರ. ಖುದ್ದು. ಹನ್ನೆರಡು ವರ್ಷ ನನಗ ಬೇರು ಕುಡಿಸಿದ್ರಿ. ಬಂಜಿ ಅಂತ ನಿಮ್ಮವ್ವ ಅಂದಾಗ ತಲಿ ಬಗ್ಗಿಸಿ ಉಂಡ್ರಿ. ಪರದಿ ಹಿಂದ ನಾನು ಮಲಗಿದಂಗ ನೀವೊಂದು ಸಲ ಹೋಗಾಕ ಏನು ಧಾಡಿ?"

"ಗಂಡಸರ್ನ ಯಾರಾದ್ರೂ ಪರೀಕ್ಷಾ ಮಾಡ್ತಾರೇನಲೇ? ನಾನೇನು ಗಂಡಸಲ್ಲೇನು?"

"ಅದನ್ನ ನನ್ನ ಕೇಳಬ್ಯಾಡ್ರಿ. ಡಾಕ್ಟರ್ನ ಕೇಳ್ರಿ."

ಅವನ ಕೈ ಬೀಸಿ ಬಂದು ಆಕೆಯ ಕೆನ್ನೆಗೆ ಬಿತ್ತು. ಸದ್ದಿಗೆ ಗಂಗಕ್ಕ ಮೆಟ್ಟಿಲು ಹತ್ತಿ ಓಡಿ ಬಂದಳು. ಅವಳ ಹಿಂದೆ ನರಸಪ್ಪ. "ನನ್ನ ಮನ್ಯಾಗ ಹೆಣ್ಣಿನ ಮ್ಯಾಲ ಕೈ ಎತ್ತಬ್ಯಾಡ್ರಿ ಸಾವ್ಕಾರ್ರೇ" ಎಂದು ಗಂಗಕ್ಕ ಇಬ್ಬರ ನಡುವೆ ನಿಂತಳು. ನರಸಪ್ಪ ಗೋಡೆ ನೋಡುತ್ತಿದ್ದ.

"ನರಸಪ್ಪಣ್ಣ, ನಿನ್ನ ಹೆಂಡ್ತಿಗಿರೋ ಬಾಯಿ ನಿನಗ ಆ ದೇವ್ರು ಕೊಡಲಿಲ್ಲೇನು?" ಎಂದು ವೀರಬಸಮ್ಮ ಕೇಳಿದಳು. ಕೆನ್ನೆ ಉರಿಯುತ್ತಿದ್ದರೂ ಅದನ್ನು ಮುಟ್ಟಿಕೊಳ್ಳಲಿಲ್ಲ.

ಊರಿಗೆ ವಾಪಸು ಬರುವಾಗ ಆಕೆ ಹೆಂಗಸರ ಡಬ್ಬಿಯಲ್ಲಿ ಕೂತಳು. ಆದೋನಿಯಲ್ಲಿ ಇಳಿದವಳು ಗಂಡನ ಜಟಕಾ ಹತ್ತದೆ ನೇರ ಕೌತಾಳಂ ಬಸ್ಸು ಹತ್ತಿದಳು. ಬರುವ ಸೋಮವಾರ ಅಂಬಮ್ಮನ ನಿಶ್ಚಯ ಎಂದು ಗಂಡ ರೈಲು ಹತ್ತುವಾಗ ಹೇಳಿದ್ದ. ಅದಕ್ಕಿಂತ ಮುಂಚೆ ಅಪ್ಪನಿಗೆ ನಿಜ ತಿಳಿದರೆ ಸಾಕು, ಅಲ್ಲಿಗೆ ನಿಲ್ಲುತ್ತದೆ ಎಂದು ನಂಬಿದ್ದಳು.

ಅಪ್ಪ ಚಂದ್ರಣ್ಣ ಎಲ್ಲ ಕೇಳಿ ಮುಖ ಸಿಂಡರಿಸಿದ. "ಇಂಥಾ ಮಾತು ಹೆಣ್ಣುಮಕ್ಕಳು ಬಾಯಾಗ ತರ್ತಾರೇನು? ಅಳಿಯ ಬಂಗಾರದಂಥಾ ಮನಷ. ಇನ್ನೊಬ್ಬನಾಗಿದ್ರ ನಿನ್ನ ಎಂದೋ ತವರಿಗೆ ಅಟ್ಟಿದ್ದ."

"ಅಂಬಮ್ಮಗೂ ಮಕ್ಕಳಾಗಲಿಲ್ಲ ಅಂದ್ರ ಆಕಿನ್ನೂ ಬಂಜಿ ಅಂತೀರಿ. ಆಮ್ಯಾಲ ಮೂರನೇದಾಕಿನ್ನ ಎಲ್ಲಿಂದ ತರ್ತೀರಿ ಅಪ್ಪ? ನಿಮಗ ಇರೋದು ಎರಡ ಹೆಣ್ಣು."

ಅವನು ಹೆಗಲ ಮೇಲಿನ ಟವೆಲು ಕೊಡವಿಕೊಂಡು ಹೊಲದ ಕಡೆ ಹೋದ. ಅವ್ವ ಕಣ್ಣೊರೆಸಿಕೊಂಡು ಒಲೆಯ ಮುಂದೆ ಹೋಗಿ ಕೂತಳು. ಹೆಚ್ಚು ನೋವು ಮಾಡಿದ್ದು ಅಂಬಮ್ಮ. ಆದೋನಿಯ ಮಹಡಿ ಮನೆ, ಕೊರಳಿಗೆ ಹೊಸ ಟೀಕಿ, ಸೊಂಟದ ಪಟ್ಟಿ ಎಂದು ಆ ಹುಡುಗಿಯ ತಲೆಯಲ್ಲಿ ಆಗಲೇ ತುಂಬಿ ಆಗಿತ್ತು. "ನನಗ ಕೂಸಾದ್ರ ನಿನ್ನ ಕಿಮ್ಮತ್ತು ಹೋಗ್ತೈತಿ ಅಂತ ಹೊಟ್ಟಿಕಿಚ್ಚು ನಿನಗ" ಎಂದುಬಿಟ್ಟಳು. ವೀರಬಸಮ್ಮನಿಗೆ ಅವಳ ಮೇಲೆ ಕೈ ಮಾಡಬೇಕೆನ್ನಿಸಿತು. ಮಾಡಲಿಲ್ಲ. ಆ ಮಾತು ಯಾರು ಕಲಿಸಿದ್ದೆಂದು ಆಕೆಗೆ ಗೊತ್ತಿತ್ತು.

ಸೋಮವಾರ ಕೊಟ್ರಬಸಪ್ಪ ಕಮಾನು ಬಂಡಿಯಲ್ಲಿ ಬಂದ. ಜೊತೆಗೆ ಮಠದ ಗುರುಪಾದಯ್ಯ ಮತ್ತು ನಾಲ್ಕಾರು ಹಿರಿಯರು. ತಟ್ಟೆಗಳಲ್ಲಿ ಸೀರೆ, ಬಳೆ, ಕೊಬ್ಬರಿ, ಸಕ್ಕರೆ. ಅಂಬಮ್ಮನನ್ನು ಕರೆತಂದು ಮಣೆಯ ಮೇಲೆ ಕೂರಿಸಿದರು. ಗುರುಪಾದಯ್ಯ ವಿಭೂತಿಯ ಗಟ್ಟಿಗೆ ಕೈ ಹಾಕುವಷ್ಟರಲ್ಲಿ ವೀರಬಸಮ್ಮ ಅಡುಗೆಮನೆಯಿಂದ ಪಡಸಾಲೆಗೆ ಬಂದು ಗಂಡಸರ ನಡುವೆ ನಿಂತಳು.

"ಅಯ್ಯನವರೇ, ಶಾಸ್ತ್ರ ಮಾಡೋಕ್ಕಿಂತ ಮೊದ್ಲ ನನ್ನ ಮಾತು ಕೇಳ್ರಿ."

"ಒಳಗ ನಡಿ!" ಎಂದು ಚಂದ್ರಣ್ಣ ಗದರಿದ.

"ಹೋಗಂಗಿಲ್ಲ. ಮದ್ರಾಸಿನ ಡಾಕ್ಟರು ನನಗ ದೋಷ ಐತಿ ಅಂದ್ಲು ಅಂತ ಇವ್ರು ಹೇಳ್ಯಾರಲ್ಲ? ಆಕಿ ಹಂಗ ಹೇಳಿಲ್ಲ. ನನ್ನಾಗ ಏನೂ ಕೊರತಿಲ್ಲ, ಗಂಡನ್ನ ನೋಡಬೇಕು ಅಂದಾಳ. ಇವ್ರು ಎದ್ದು ಓಡಿ ಬಂದಾರ. ಈಗ ಎಲ್ಲಾರ ಮುಂದ ಹೇಳ್ತೀನಿ. ಇವ್ರು ಮದ್ರಾಸಿಗೆ ಹೋಗಿ ತೋರಿಸಿಕೊಂಡು ಬರ್ಲಿ. ಅವರಾಗ ಏನೂ ಇಲ್ಲ ಅಂತ ಡಾಕ್ಟರು ಅಂದ್ರ, ನನ್ನ ತಂಗಿ ತಲಿ ಮ್ಯಾಲ ಅಕ್ಕಿಕಾಳು ನಾನ ಹಾಕ್ತೀನಿ."

ಹಿರಿಯರೊಬ್ಬರು ಕೆಮ್ಮಿದರು. ಗುರುಪಾದಯ್ಯ ಕೊಟ್ರಬಸಪ್ಪನ ಕಡೆ ತಿರುಗಿ, "ಏನಪಾ ಇದು?" ಎಂದು ಕೇಳಿದ.

"ಹುಚ್ಚು ಹಿಡದೈತ್ರೀ ಆಕಿಗೆ" ಎಂದ ಕೊಟ್ರಬಸಪ್ಪ. "ಗುರುಗಳ ಮುಂದ ಗಂಡನ ಮಾನ ಕಳಿಯಾಕ ನಿಂತಾಳ."

"ಗುರುಗಳ ಮುಂದ ಹೇಳ್ರಿ ಹಂಗಾದ್ರ. ಲಿಂಗ ಮುಟ್ಟಿ ಹೇಳ್ರಿ, ಡಾಕ್ಟರು ನಿಮ್ಮನ್ನ ಬಾ ಅಂದಿಲ್ಲ ಅಂತ."

ಕೊಟ್ರಬಸಪ್ಪನ ಕೈ ಎದೆಯ ಮೇಲಿನ ಲಿಂಗದ ಕರಡಿಗೆಯವರೆಗೆ ಹೋಗಿ ಅಲ್ಲೇ ನಿಂತಿತು. ಎಲ್ಲರೂ ಅದನ್ನೇ ನೋಡುತ್ತಿದ್ದರು. ಅವನು ಕೈ ಇಳಿಸಿದ.

ಯಾರೂ ಏನೂ ಅನ್ನುವ ಮುಂಚೆ ಬಸಲಿಂಗಮ್ಮ ಒಳಗಿನಿಂದ ಬಂದಳು. ಗಂಡನ ಕಡೆ ನೋಡಲಿಲ್ಲ. ಸೀರೆ ಬಳೆಯ ತಟ್ಟೆಯನ್ನು ಎತ್ತಿಕೊಂಡು ಹೊರಗೆ ಹೋಗಿ ಬಂಡಿಯಲ್ಲಿಟ್ಟಳು. ಮತ್ತೆ ಬಂದು ಕೊಬ್ಬರಿ ಸಕ್ಕರೆಯ ತಟ್ಟೆ ಒಯ್ದಳು. ಚಂದ್ರಣ್ಣ ಬೈಯುತ್ತಲೇ ಇದ್ದ. ಆಕೆ ಒಂದೊಂದಾಗಿ ಎಲ್ಲ ಒಯ್ದಿಟ್ಟು ಬಂದು, ಅಂಬಮ್ಮನ ರಟ್ಟೆ ಹಿಡಿದು ಮಣೆಯಿಂದ ಎಬ್ಬಿಸಿದಳು.

ಬಂಡಿ ಹೋದ ಮೇಲೆ ಆಕೆ ಹಿರಿಮಗಳ ತಲೆ ಸವರಲು ಬಂದಾಗ ವೀರಬಸಮ್ಮ ತಲೆ ಸರಿಸಿದಳು. "ಉಗಾದಿ ಮುಂದ ಗೊತ್ತಿತ್ತು ನಿನಗ. ಆವಾಗ ಯಾಕ ಎತ್ತಿಡ್ಲಿಲ್ಲವ್ವ?" ಬಸಲಿಂಗಮ್ಮ ಮಣೆಯನ್ನು ಎತ್ತಿಕೊಂಡು ಒಳಗೆ ಹೋದಳು.

ವೀರಬಸಮ್ಮ ಮತ್ತೆ ಆದೋನಿಯ ಮನೆಗೆ ಹೋಗಲಿಲ್ಲ. ಅಪ್ಪ ಆಕೆಯ ಜೊತೆ ಮಾತು ಬಿಟ್ಟ. ಆಕೆ ಹತ್ತಿ ಬಿಡಿಸುವ ಆಳುಗಳ ಜೊತೆ ಹೊಲಕ್ಕೆ ಹೋಗಿ, ಬಂದು, ಅವನೆದುರಿಗೇ ಕೂತು ಉಂಡಳು. ಅಂಬಮ್ಮ ಒಂದೆರಡು ತಿಂಗಳು ಮುನಿಸಿಕೊಂಡಿದ್ದು, ಆಮೇಲೆ ಹೊಳಗುಂದಿಯ ಒಬ್ಬ ಮೇಷ್ಟ್ರನ್ನು ಮದುವೆಯಾಗಿ ಹೋದಳು. ಮರುವರ್ಷ ಕೊಟ್ರಬಸಪ್ಪ ನಂದವರಂನಿಂದ ಪಂಪಮ್ಮ ಎಂಬ ಹುಡುಗಿಯನ್ನು ತಂದ. ಮೂರು ವರ್ಷವಾದರೂ ತೊಟ್ಟಿಲು ಕಟ್ಟಲಿಲ್ಲ. ಅದನ್ನು ಹೇಳಲು ಹೆಂಗಸರು ಓಡೋಡಿ ಬಂದರು, ಈಕೆ ಹಿಗ್ಗುತ್ತಾಳೆಂದು. ವೀರಬಸಮ್ಮ ಅವರಿಗೆ ಮುಖ ಮುರಿಯುವ ಹಾಗೆ ಉತ್ತರ ಕೊಟ್ಟು ಕಳಿಸಿದಳು.

ಮುಂದೊಂದು ದಿನ ಆದೋನಿಯ ಸಂತೆಗೆ ಹೋದಾಗ, ಕೊಟ್ರಬಸಪ್ಪನ ಜಿನ್ನಿನಲ್ಲಿ ಕೆಲಸ ಮಾಡುವ ಹನುಮಣ್ಣ ಸಿಕ್ಕಿ, ಸಾವ್ಕಾರ್ರು ಪಂಪಮ್ಮನವರನ್ನು ಡಾಕ್ಟರಿಗೆ ತೋರಿಸಲು ಮಧ್ಯಾಹ್ನದ ರೈಲಿಗೆ ಮದ್ರಾಸಿಗೆ ಹೊರಟಿದ್ದಾರೆ ಎಂದ. ವೀರಬಸಮ್ಮ ಕೈಯಲ್ಲಿದ್ದ ಚೀಲವನ್ನು ಅವನಿಗೇ ಕೊಟ್ಟು ಸ್ಟೇಷನ್ನಿಗೆ ಬಂದಳು. ಪಂಪಮ್ಮ ಹೆಂಗಸರ ಡಬ್ಬಿಯ ಕಿಟಕಿಯಲ್ಲಿ ಕೂತಿದ್ದಳು. ಹತ್ತೊಂಬತ್ತರ ಹುಡುಗಿ, ಮೈತುಂಬ ಬಂಗಾರ, ಕಣ್ಣಡಿ ಕಪ್ಪು. ಕೊಟ್ರಬಸಪ್ಪ ಮುಂದಿನ ಡಬ್ಬಿಯಲ್ಲಿದ್ದ. ವೀರಬಸಮ್ಮ ಹತ್ತಿ ಹೋಗಿ ಆಕೆಯ ಎದುರು ಕೂತಳು.

"ನಾನು ಯಾರಂತ ಗೊತ್ತೇನು?"

"ಗೊತ್ತಕ್ಕ" ಎಂದಳು ಪಂಪಮ್ಮ.

"ಹಂಗಾದ್ರ ಕೇಳು. ಡಾಕ್ಟರು ನಿನ್ನಾಗ ದೋಷ ಇಲ್ಲ ಅಂತಾಳ. ಈತ ಹೊರಗ ಬಂದು ಐತಿ ಅಂತಾನ. ಕೌತಾಳದಾಗ ನಾನು..."

"ಅದೂ ಗೊತ್ತಕ್ಕ. ಕೌತಾಳದಾಗ ನೀವು ಆಡಿದ ಮಾತು ನಂದವರದ ತನಕ ಬಂದಿತ್ತು. ನಮ್ಮಪ್ಪ ಕೇಳ್ಯಾನ. ಕೇಳೇ ನನ್ನ ಕೊಟ್ಟಾನ."

ಸುಳ್ಳು ಹೇಳಿ ಹೆಣ್ಣು ತಂದಿದ್ದಾನೆ, ನಿಜ ಗೊತ್ತಾದರೆ ಸಾಕು ಎಂದು ವೀರಬಸಮ್ಮ ಇಷ್ಟು ವರ್ಷ ಅಂದುಕೊಂಡಿದ್ದಳು. ಹಿರಿಯರ ಮುಂದೆ ನಿಂತು, ಮಾನ ಬಿಟ್ಟು, ಗಂಟಲು ಹರಿಯುವ ಹಾಗೆ ಹೇಳಿದ್ದನ್ನು ಕಿವಿಯಾರೆ ಕೇಳಿಯೂ ಒಬ್ಬ ತಂದೆ ಮಗಳನ್ನು ದೂಡಿದ್ದಾನೆ. ರೈಲು ಸಿಳ್ಳು ಹಾಕಿತು. ಆಕೆ ಇಳಿಯಲಿಲ್ಲ.

ಗುಂತಕಲ್ಲಿನಲ್ಲಿ ಕೊಟ್ರಬಸಪ್ಪ ಪಂಪಮ್ಮನಿಗೆಂದು ಕಾಫಿ ಹಿಡಿದುಕೊಂಡು ಕಿಟಕಿಗೆ ಬಂದ. ಒಳಗೆ ಇಬ್ಬರನ್ನೂ ಕಂಡು ಲೋಟ ತುಳುಕಿ ಕೈ ಸುಟ್ಟುಕೊಂಡ. "ಇಳಿ ಕೆಳಗ! ಇಳೀತಿ ಇಲ್ಲೋ?" ಎಂದು ಕಂಬಿ ಹಿಡಿದು ಕೂಗಾಡಿದ. ಟಿಕೆಟ್ ಕಲೆಕ್ಟರಿಗೆ ದಂಡ ಕಟ್ಟುತ್ತಿದ್ದ ವೀರಬಸಮ್ಮ ಅವನ ಕಡೆ ತಿರುಗಲಿಲ್ಲ. ಡಬ್ಬಿಯಲ್ಲಿದ್ದ ಉಳಿದ ಹೆಂಗಸರೆಲ್ಲ, ಹೆಂಗಸರ ಡಬ್ಬಿಗೆ ಇವನ್ಯಾವನು ಎಂದು ತೆಲುಗಿನಲ್ಲೂ ಕನ್ನಡದಲ್ಲೂ ಬೈದು ಅವನನ್ನು ಅಟ್ಟಿದರು.

ಮದ್ರಾಸಿನಲ್ಲಿ ವೀರಬಸಮ್ಮ ಪಂಪಮ್ಮನ ಕೈ ಬಿಡದೆ, ಗಂಗಕ್ಕನನ್ನೂ ಕರೆದುಕೊಂಡೇ ಬಂಗಲೆಗೆ ಹೋದಳು; ಕೊಟ್ರಬಸಪ್ಪ ಗೊಣಗುತ್ತಾ ಹಿಂದೆ ಬಂದ. ಈ ಸಲ ಡಾಕ್ಟರಮ್ಮ ಯಾರನ್ನೂ ಹೊರಗೆ ಕೂರಿಸಲಿಲ್ಲ. ಪಂಪಮ್ಮನನ್ನು ಪರೀಕ್ಷೆ ಮಾಡಿದ ಮೇಲೆ ಕೊಟ್ರಬಸಪ್ಪನನ್ನೂ ಒಳಗೆ ಕರೆದು, ಎಲ್ಲರೆದುರಿಗೆ ತಮಿಳಿನಲ್ಲಿ ಹೇಳಿದಳು. ಗಂಗಕ್ಕ ಕನ್ನಡದಲ್ಲಿ ಹೇಳಿದಳು. ಈ ಹುಡುಗಿಯಲ್ಲೂ ಏನೂ ಇಲ್ಲ. ಈಗಲಾದರೂ ನೀನು ತೋರಿಸಿಕೊಳ್ಳುತ್ತೀಯೋ ಇಲ್ಲವೋ?

ಕೊಟ್ರಬಸಪ್ಪ ನಾಲ್ವರು ಹೆಂಗಸರನ್ನೂ ಒಬ್ಬೊಬ್ಬರಾಗಿ ನೋಡಿದ. ರುಮಾಲು ತೆಗೆದುಕೊಂಡು ಬಾಗಿಲು ದಾಟಿ ಹೋದ. ಹೊರಗೆ ಜಟಕಾದವನನ್ನು ಕೂಗುವುದು ಕೇಳಿಸಿತು.

ಪಂಪಮ್ಮ ಕುರ್ಚಿಯ ಅಂಚಿನಲ್ಲಿ ಕೂತು ಅಳುತ್ತಿದ್ದಳು. "ಈಗೇನು ಮಾಡೂನಕ್ಕ?"

"ಮೊದ್ಲು ಕಣ್ಣೊರಸು. ಏನಾದ್ರೂ ಉಣ್ಣೂನು" ಎಂದಳು ವೀರಬಸಮ್ಮ, ಆಕೆಯ ಸೆರಗು ಸರಿಮಾಡುತ್ತಾ. "ಆಮ್ಯಾಲ ನಂದವರಕ್ಕ ಹೋಗೂನು. ನಿಮ್ಮಪ್ಪನ್ನ ನಾನು ಎರಡು ಮಾತು ಕೇಳೋದೈತಿ."